ನೋಡದ ಬಂಡೆಗೆ 18 ಮಾರ್ಕ್ಸ್: ಪ್ರಾಂಶುಪಾಲರಿಗೊಂದು ಬಹಿರಂಗ ಪತ್ರ

ರಾಜ್ಯದ ಪದವಿ ಕಾಲೇಜುಗಳ ಪ್ರಾಂಶುಪಾಲರೇ, ಟೂರ್ ಕಮಿಟಿಯಲ್ಲಿರುವ ಮೇಷ್ಟ್ರುಗಳೇ, ಮೇಡಂಗಳೇ,

ನಮಸ್ಕಾರ. ಹೋದ ವಾರ ನಮ್ಮ ಪಕ್ಕದ ಮನೆ ಹುಡುಗಿ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು. ಬಿ.ಎಸ್ಸಿ ಎರಡನೇ ವರ್ಷ, ಜಿಯಾಲಜಿ, ಅಂದರೆ ಭೂವಿಜ್ಞಾನ ತೆಗೆದುಕೊಂಡಿದ್ದಾಳೆ. ನಾನೂ ಅದೇ ಓದಿದವಳು ಅಂತ ಗೊತ್ತಿರುವುದರಿಂದ ಆಗಾಗ ಒಂದೊಂದು ಕಲ್ಲು ಹಿಡಿದುಕೊಂಡು ಬರುತ್ತಾಳೆ. ಈ ಸಲ ಕೈ ಖಾಲಿ ಇತ್ತು. "ಆಂಟಿ, ಹುಡುಗೀರಿಗೆ ಈ ವರ್ಷ ಫೀಲ್ಡ್ ಇಲ್ವಂತೆ. ಹುಡುಗರು ಹೋಗಿ ಬಂದಮೇಲೆ ಅವರ ಫೋಟೋ ನೋಡ್ಕೊಂಡು ರಿಪೋರ್ಟ್ ಬರೀಬೇಕಂತೆ" ಅಂದಳು.

ಕುಕ್ಕರ್ ಎಷ್ಟು ಸಲ ಕೂಗಿತೋ ಗೊತ್ತಿಲ್ಲ. ಅವತ್ತು ಬೇಳೆ ತಳ ಹಿಡಿಯಿತು.

ಯಾಕಂದರೆ ಇಪ್ಪತ್ತೇಳು ವರ್ಷದ ಹಿಂದೆ ಇದೇ ಮಾತನ್ನು ನಾನೂ ಕೇಳಿಸಿಕೊಂಡಿದ್ದೆ. ಕಾಲೇಜಿನ ಹೆಸರು ಬೇಡ, ಅಲ್ಲಿದ್ದವರಲ್ಲಿ ಕೆಲವರು ಈಗಿಲ್ಲ. ಫೈನಲ್ ಇಯರ್‌ನಲ್ಲಿ ಐದು ದಿನದ ಫೀಲ್ಡ್ ಇತ್ತು. ಚಿತ್ರದುರ್ಗದ ಕಡೆ, ಮರಡಿಹಳ್ಳಿಯ ಬಂಡೆಗಳನ್ನು ನೋಡಿ ಮ್ಯಾಪ್ ಮಾಡಿಕೊಂಡು ಬರಬೇಕು. ಕ್ಲಾಸಿನಲ್ಲಿ ಹುಡುಗೀರು ಐದೇ ಜನ. ಪ್ರಾಂಶುಪಾಲರು ನಮ್ಮನ್ನು ಕರೆದು ಬಹಳ ಮೃದುವಾಗಿಯೇ ಹೇಳಿದರು. ಬೇರೆ ರೂಮ್ ಬೇಕು, ಲೇಡಿ ಸ್ಟಾಫ್ ಇಲ್ಲ, ಏನಾದರೂ ಆದರೆ ನಿಮ್ಮ ಅಪ್ಪ ಅಮ್ಮನಿಗೆ ನಾನು ಏನು ಹೇಳಲಿ, ಹುಡುಗರು ರೀಡಿಂಗ್ ತರುತ್ತಾರೆ, ನೀವು ಇಲ್ಲೇ ಕೂತು ನೀಟಾಗಿ ಮ್ಯಾಪ್ ಹಾಕಿ, ನಿಮ್ಮ ಕೈಬರಹ ಚೆನ್ನಾಗಿದೆ ಅಲ್ವಾ.

ಹಾಕಿದೆವು. ಹುಡುಗರ ನೋಟ್‌ಬುಕ್ಕಿನಿಂದ ಸ್ಟ್ರೈಕ್, ಡಿಪ್, ಅಂದರೆ ಬಂಡೆಯ ಪದರ ಯಾವ ದಿಕ್ಕಿಗೆ ಹಾದಿದೆ, ಎಷ್ಟು ಓರೆಯಾಗಿದೆ ಅನ್ನುವುದನ್ನೆಲ್ಲ ಇಳಿಸಿಕೊಂಡು, ಬಣ್ಣ ತುಂಬಿ, ಸ್ಕೇಲ್ ಎಳೆದು ಕೊಟ್ಟೆವು. ನನಗೆ 20ಕ್ಕೆ 18 ಬಂತು. ಕಣ್ಣಾರೆ ನೋಡದ ಊರಿನ ಮ್ಯಾಪಿಗೆ!

ಈ ಪತ್ರ ನನ್ನ ಗೋಳು ಹೇಳಿಕೊಳ್ಳಲಿಕ್ಕಲ್ಲ. ನಿಮಗೆ ಒಬ್ಬ ಹೆಂಗಸಿನ ಕತೆ ಹೇಳಬೇಕು. ಹೆಸರು ಸುದೀಪ್ತಾ ಸೇನ್‌ಗುಪ್ತಾ. ನಿಮ್ಮಲ್ಲಿ ಜಿಯಾಲಜಿ ಮೇಷ್ಟ್ರುಗಳಿಗೆ ಗೊತ್ತಿರುತ್ತದೆ. ಉಳಿದವರಿಗೆ ಗೊತ್ತಿಲ್ಲದಿದ್ದರೆ ಅದು ನಿಮ್ಮ ತಪ್ಪೂ ಅಲ್ಲ, ನಮ್ಮ ಪಠ್ಯಪುಸ್ತಕಗಳಲ್ಲಿ ವಿಜ್ಞಾನಿ ಅಂದರೆ ಬಿಳಿ ಕೋಟು ಹಾಕಿ ಲ್ಯಾಬಿನಲ್ಲಿ ನಿಂತವರೇ ಜಾಸ್ತಿ.

ಸುದೀಪ್ತಾ ಹುಟ್ಟಿದ್ದು 1946ರಲ್ಲಿ, ಕೊಲ್ಕತ್ತದಲ್ಲಿ. ಅಪ್ಪ ಹವಾಮಾನ ತಜ್ಞರು. ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿದರು, ಅಲ್ಲೇ ಸುಬೀರ್ ಕುಮಾರ್ ಘೋಷ್ ಅವರ ಕೈಕೆಳಗೆ 1972ರಲ್ಲಿ ಪಿಎಚ್.ಡಿ ಮುಗಿಸಿದರು. ಅವರು ಹಿಡಿದ ವಿಷಯ ಸ್ಟ್ರಕ್ಚರಲ್ ಜಿಯಾಲಜಿ. ಅಂದರೆ ಬಂಡೆಗಳು ಹೇಗೆ ಮಡಚಿಕೊಂಡವು, ಎಲ್ಲಿ ಹಿಂಜಿದವು, ಎಲ್ಲಿ ತುಂಡಾದವು, ಯಾವುದು ಮೊದಲು ಆಯಿತು ಯಾವುದು ಆಮೇಲೆ ಅಂತ ಬಿಡಿಸಿ ನೋಡುವುದು. ಟ್ರೇನಲ್ಲಿಟ್ಟ ಕೈಯಗಲದ ಸ್ಯಾಂಪಲ್‌ನಿಂದ ಇದನ್ನು ಕಲಿಯೋಕೆ ಆಗಲ್ಲ. ಮಡಿಕೆ ಕೆಲವೊಮ್ಮೆ ಇಡೀ ಗುಡ್ಡದಷ್ಟು ದೊಡ್ಡದು. ಅದರ ಒಂದು ಕೈ ಈ ಹಳ್ಳದಲ್ಲಿ, ಇನ್ನೊಂದು ಕೈ ಆಚೆ ಊರಿನ ಕೆರೆ ಏರಿ ಹತ್ತಿರ. ನಡೆದೇ ನೋಡಬೇಕು.

ಈ ನಡಿಗೆ ಅವರಿಗೆ ಹೊಸದಾಗಿರಲಿಲ್ಲ. ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಪರ್ವತಾರೋಹಣ ಕಲಿತವರು. ಕಲಿಸಿದ್ದು ಯಾರು ಅಂತೀರಿ? ಎವರೆಸ್ಟ್ ಹತ್ತಿದ ತೇನ್‌ಸಿಂಗ್! 1970ರಲ್ಲಿ ಹಿಮಾಚಲದ ಲಾಹೌಲ್ ಕಡೆ ಅಲ್ಲಿಯವರೆಗೆ ಯಾರೂ ಹತ್ತದ, ಹೆಸರೂ ಇಲ್ಲದ ಒಂದು ಶಿಖರಕ್ಕೆ ಬಂಗಾಳದ ಹೆಂಗಸರ ತಂಡ ಹೊರಟಿತು. ಆ ತಂಡದಲ್ಲಿ ಸುದೀಪ್ತಾ ಇದ್ದರು. ಹತ್ತಿ ಬಂದ ಶಿಖರಕ್ಕೆ ಆಮೇಲೆ ಲಲನಾ ಅಂತ ಹೆಸರಾಯಿತು. ಆದರೆ ಇಳಿಯುವಾಗ ಹಳ್ಳ ದಾಟುವಲ್ಲಿ ತಂಡದ ನಾಯಕಿ ಸುಜಯಾ ಗುಹಾ, ಜೊತೆಗಿದ್ದ ಕಮಲಾ ಸಾಹಾ ಇಬ್ಬರೂ ತೀರಿಕೊಂಡರು.

ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಏನಾದರೂ ಆದರೆ ಅನ್ನುವ ಭಯ ಸುಳ್ಳಲ್ಲ. ನನಗೂ ಮಗಳಿದ್ದಾಳೆ, ಅವಳು ರಾತ್ರಿ ಬಸ್ ಹತ್ತಿದರೆ ನನಗೆ ನಿದ್ದೆ ಬರಲ್ಲ. ಆದರೆ ಜೊತೆಯವರನ್ನು ಹಾಗೆ ಕಳೆದುಕೊಂಡ ಇಪ್ಪತ್ನಾಲ್ಕರ ಆಸುಪಾಸಿನ ಹುಡುಗಿ ಬೆಟ್ಟ ಬಿಡಲಿಲ್ಲ, ಬಂಡೆಯನ್ನೂ ಬಿಡಲಿಲ್ಲ.

ಆಗಲೇ ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿ, ಅಂದರೆ ನಾವೆಲ್ಲ ಜಿ.ಎಸ್.ಐ ಅನ್ನುವಲ್ಲಿ, ಕೆಲಸ ಶುರು ಮಾಡಿದ್ದರು. 1973ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದರು. ಅಲ್ಲಿ ಜಾನ್ ರ‍್ಯಾಮ್ಸೆ ಪಾಠ ಹೇಳಿದ್ದರು. ಬಂಡೆಯ ಮಡಿಕೆಗಳಿಗೆ ಲೆಕ್ಕ ಹಾಕುವುದನ್ನು ಜಗತ್ತಿಗೆ ಕಲಿಸಿದ ಮನುಷ್ಯ. ಅಲ್ಲಿಂದ ಸ್ವೀಡನ್ನಿನ ಉಪ್ಸಾಲಾ, ಸ್ಕ್ಯಾಂಡಿನೇವಿಯಾದ ಪರ್ವತಗಳು. 1979ಕ್ಕೆ ವಾಪಸ್ ಜಿ.ಎಸ್.ಐ. 1982ರಲ್ಲಿ ತಾವು ಓದಿದ ಜಾದವ್‌ಪುರಕ್ಕೇ ಲೆಕ್ಚರರ್ ಆಗಿ ಬಂದರು. ಹೊರಗೆ ಇಷ್ಟು ಸುತ್ತಿದವರು ಮನೆಗೆ ಮರಳಿದ್ದು ಪಾಠ ಹೇಳಲಿಕ್ಕೆ. ಮುಂದೆ ಅಲ್ಲೇ ಪ್ರೊಫೆಸರ್ ಆದರು.

ಅವರ ಕೆಲಸದ ಒಂದು ತುಣುಕು ಹೇಳುತ್ತೇನೆ, ನಿಮ್ಮಲ್ಲಿ ಕಾಮರ್ಸ್, ಕನ್ನಡ ಓದಿದವರಿಗೂ ಅರ್ಥವಾಗುತ್ತದೆ. ಹೋಳಿಗೆ ತಟ್ಟುವಾಗ ಗಮನಿಸಿ. ಕಣಕ ಮೆತ್ತಗಿದೆ, ಹೂರಣ ಕಾಯಿಸಿದ್ದು ಸ್ವಲ್ಪ ಹೆಚ್ಚಾಗಿ ಗಟ್ಟಿಯಾಗಿದೆ ಅಂದುಕೊಳ್ಳಿ. ಮೇಲಿಂದ ಒತ್ತಿದ ಹಾಗೆ ಕಣಕ ಸಲೀಸಾಗಿ ಹರಡುತ್ತದೆ, ಹೂರಣ ಹರಡಲಾರದೆ ಬಿರಿದು ತುಂಡುತುಂಡಾಗುತ್ತದೆ. ಆ ತುಂಡುಗಳ ನಡುವಿನ ಸಂದಿಗೆ ಕಣಕ ನುಗ್ಗುತ್ತದೆ. ಭೂಮಿಯ ಒಳಗೂ ಹೀಗೇ. ಮೆತ್ತನೆ ಪದರಗಳ ನಡುವೆ ಸಿಕ್ಕಿಕೊಂಡ ಗಟ್ಟಿ ಪದರ ಒತ್ತಡಕ್ಕೆ ಮಣಿಸರದ ಹಾಗೆ ತುಂಡಾಗಿ ಸಾಲಾಗಿ ನಿಲ್ಲುತ್ತದೆ. ಇದಕ್ಕೆ ಬೂಡಿನಾಜ್ ಅನ್ನುತ್ತಾರೆ. ಸುದೀಪ್ತಾ ಇದನ್ನು ಲ್ಯಾಬಿನಲ್ಲಿ ಮೆತ್ತನೆಯ, ಗಟ್ಟಿಯ ಪದರಗಳನ್ನು ಒಂದರ ಮೇಲೊಂದು ಜೋಡಿಸಿ, ಒತ್ತಿ, ಹಲವು ಪದರಗಳು ಒಟ್ಟಿಗಿದ್ದಾಗ ಯಾವ ಪದರ ಎಲ್ಲಿ ತುಂಡಾಗುತ್ತದೆ ಅಂತ ನೋಡಿದರು. ಆದರೆ ಲ್ಯಾಬಿನಲ್ಲಿ ಏನನ್ನು ಒತ್ತಬೇಕು ಅಂತ ಹೊಳೆಯುವುದು ಬಂಡೆಯ ಮುಂದೆ ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತವರಿಗೆ. ಅವರು ಹಾಗೆ ಕೂತದ್ದು ತಾಮ್ರ, ಯುರೇನಿಯಂ ಗಣಿಗಳಿರುವ ಜಾರ್ಖಂಡ್ ಕಡೆಯ ಸಿಂಗ್‌ಭೂಮ್‌ನಲ್ಲಿ. ನಮ್ಮ ಕೋಲಾರ ಚಿನ್ನದ ಗಣಿಯ ಪಡುವಣ ಬದಿಯ ಕ್ವಾರ್ಟ್‌ಜೈಟ್ ಬಂಡೆಗಳ ಮೇಲೂ ಘೋಷ್ ಮತ್ತು ಅವರು ಸೇರಿ ಕೆಲಸ ಮಾಡಿದ್ದಾರೆ, ಒಂದು ಮಡಿಕೆಯ ಮೇಲೆ ಇನ್ನೊಂದು ಮಡಿಕೆ ಬಿದ್ದದ್ದನ್ನು ಬಿಡಿಸಿ ತೋರಿಸಿದ್ದಾರೆ. ಕೊಲ್ಕತ್ತದ ಹೆಂಗಸು ಕೋಲಾರದ ಬಂಡೆ ನೋಡಿದರು, ಕರ್ನಾಟಕದ ನಾನು ಚಿತ್ರದುರ್ಗದ ಬಂಡೆ ನೋಡಲಿಲ್ಲ. ಇರಲಿ.

ಈಗ ಅಂಟಾರ್ಕ್ಟಿಕಾ.

ಭಾರತದ ಮೊದಲ ತಂಡ ಅಲ್ಲಿಗೆ ಹೋದದ್ದು 1981ರಲ್ಲಿ. ಎರಡನೇದು ಮರುವರ್ಷ. ಎರಡರಲ್ಲೂ ಹೆಂಗಸರಿಲ್ಲ. 1983ರ ಡಿಸೆಂಬರ್‌ನಲ್ಲಿ ಗೋವಾದಿಂದ ಫಿನ್‌ಪೋಲಾರಿಸ್ ಅನ್ನುವ ಹಡಗು ಹೊರಟಿತು. ಹರ್ಷ ಗುಪ್ತ ನಾಯಕರು, ಒಟ್ಟು 81 ಜನ. ಅದರಲ್ಲಿ ಹೆಂಗಸರು ಇಬ್ಬರು: ಸಮುದ್ರ ವಿಜ್ಞಾನಿ ಅದಿತಿ ಪಂತ್, ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ. 81ಕ್ಕೆ ಇಬ್ಬರು. ನಿಮ್ಮ ಬಸ್ಸಿನ ಲೆಕ್ಕ ಇದಕ್ಕಿಂತ ಎಷ್ಟೋ ವಾಸಿ, ಅಲ್ವಾ?

ಅಲ್ಲಿ ಸುದೀಪ್ತಾ ಕೆಲಸ ಮಾಡಿದ್ದು ಶಿರ್ಮಾಖರ್ ಬೆಟ್ಟಸಾಲಿನಲ್ಲಿ. ಸುತ್ತಲೂ ಹಿಮ, ನಡುವೆ ಸುಮಾರು 35 ಚದರ ಕಿಲೋಮೀಟರ್ ಬರೀ ಬಂಡೆ ಮತ್ತು ಕೆರೆಗಳು. ಜಿಯಾಲಜಿಸ್ಟ್‌ಗೆ ಇದಕ್ಕಿಂತ ಹಬ್ಬ ಬೇರಿಲ್ಲ. ಮಣ್ಣಿಲ್ಲ, ಮರವಿಲ್ಲ, ಮನೆಯಿಲ್ಲ, ಬಂಡೆ ಪೂರ್ತಿ ತೆರೆದುಕೊಂಡಿದೆ. ನಮ್ಮಲ್ಲಿ ಲಾಂಟಾನ ಪೊದೆ ಸರಿಸಿ, ನಾಯಿ ಓಡಿಸಿ, ಹೊಲದವರ ಹತ್ತಿರ ಬೈಸಿಕೊಂಡು ಒಂದು ಮಾರು ಬಂಡೆ ನೋಡಬೇಕು. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೂ ಇಲ್ಲ, ಸಂಜೆ ಆಯಿತು ಎಲ್ಲರೂ ಬಸ್ ಹತ್ತಿ ಅನ್ನುವವರಿಲ್ಲ. ಆದರೆ ಗಾಳಿ ಇದೆ, ಚಳಿ ಇದೆ. ಕಂಪಾಸ್ ಹಿಡಿಯುವ ಕೈ ಮರಗಟ್ಟಿದರೆ ರೀಡಿಂಗ್ ಎಲ್ಲಿಂದ ಬರಬೇಕು.

ಆ ಬಂಡೆಗಳು ಒಂದೇ ಸಲ ಮಡಚಿಕೊಂಡವಲ್ಲ. ಹಲವು ಸಲ, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಿಕ್ಕಿಗೆ. ಒಗೆದ ಸೀರೆಯನ್ನು ಮಡಚಿ, ಮತ್ತೆ ಅಡ್ಡ ಮಡಚಿ, ಅದರ ಮೇಲೆ ಯಾರೋ ಕೂತೆದ್ದ ಹಾಗೆ. ಸುದೀಪ್ತಾ ಒಂದೊಂದೇ ಮಡಿಕೆಯ ಸರದಿ ಗುರುತಿಸಿದರು. ಅಲ್ಲಿನ ಭೂರಚನೆಯ ಬಗ್ಗೆ ಆರಂಭದ ದಿನಗಳ ಗಟ್ಟಿ ಕೆಲಸ ಅದು. ಒಂದು ಕಾಲಕ್ಕೆ ಅಂಟಾರ್ಕ್ಟಿಕಾ, ದಕ್ಷಿಣ ಭಾರತ, ಶ್ರೀಲಂಕಾ ಎಲ್ಲ ಗೊಂಡ್ವಾನ ಅನ್ನುವ ಒಂದೇ ನೆಲದ ತುಂಡುಗಳು. ಅಲ್ಲಿನ ಬಂಡೆ ಓದಿದರೆ ನಮ್ಮ ಬಂಡೆಯ ಹಳೇ ನೆಂಟಸ್ತಿಕೆ ಗೊತ್ತಾಗುತ್ತದೆ. 1989ರಲ್ಲಿ ಒಂಬತ್ತನೇ ತಂಡದ ಜೊತೆ ಮತ್ತೊಮ್ಮೆ ಹೋದರು. 1991ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು.

ಇನ್ನು ಟಾಯ್ಲೆಟ್ ವಿಷಯ. ನೀವು ಬಾಯಿಬಿಟ್ಟು ಹೇಳಲ್ಲ, "ವ್ಯವಸ್ಥೆ ಇಲ್ಲ" ಅನ್ನುತ್ತೀರಿ. ಅಮೆರಿಕದ ನೌಕಾಪಡೆಯೂ ಹೀಗೇ ಅನ್ನುತ್ತಿತ್ತು. ಅಂಟಾರ್ಕ್ಟಿಕಾದಲ್ಲಿ ಹೆಂಗಸರಿಗೆ ವ್ಯವಸ್ಥೆ ಇಲ್ಲ ಅಂತ ವರ್ಷಗಟ್ಟಲೆ ತಮ್ಮ ದೇಶದ ಮಹಿಳಾ ವಿಜ್ಞಾನಿಗಳನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಕೊನೆಗೆ 1969ರಲ್ಲಿ ಲೋಯಿಸ್ ಜೋನ್ಸ್ ಅನ್ನುವ ಭೂರಸಾಯನ ವಿಜ್ಞಾನಿ ಹೆಂಗಸರದ್ದೇ ತಂಡ ಕಟ್ಟಿಕೊಂಡು ಹೋಗಿ ಅಲ್ಲಿನ ಒಣ ಕಣಿವೆಗಳಲ್ಲಿ ಕೆಲಸ ಮಾಡಿದರು. ಅದೇ ನವೆಂಬರ್‌ನಲ್ಲಿ ದಕ್ಷಿಣ ಧ್ರುವಕ್ಕೆ ವಿಮಾನದಲ್ಲಿ ಹೋದ ಆರು ಜನ ಹೆಂಗಸರು ಕೈ ಕೈ ಹಿಡಿದುಕೊಂಡು ಒಟ್ಟಿಗೇ ನೆಲಕ್ಕೆ ಕಾಲಿಟ್ಟರಂತೆ. ಮೊದಲು ಇಳಿದವಳು ನಾನು ತಾನು ಅನ್ನುವ ಜಗಳವೇ ಬೇಡ ಅಂತ.

ನಮ್ಮ ಹಳ್ಳಿಗಳಲ್ಲಿ ಕಳೆ ಕೀಳೋಕೆ ಬೆಳಿಗ್ಗೆ ಹೊಲಕ್ಕೆ ಹೋದ ಹೆಂಗಸರು ಸಂಜೆವರೆಗೂ ಅಲ್ಲೇ ಇರುತ್ತಾರೆ, ಅವರಿಗೆ ಯಾರು ವ್ಯವಸ್ಥೆ ಮಾಡಿದ್ದಾರೆ ಸರ್? ಹಾಗಂತ ಹುಡುಗೀರು ಹೇಗೋ ಸಹಿಸಿಕೊಳ್ಳಲಿ ಅಂತಲ್ಲ. ದಾರಿಯಲ್ಲಿ ಪೆಟ್ರೋಲ್ ಬಂಕ್ ಹತ್ತಿರ ಎರಡು ಸಲ ಜಾಸ್ತಿ ನಿಲ್ಲಿಸಿ. ಬಂಡೆ ಹತ್ತಿರದ ಊರಿನ ಶಾಲೆಗೆ ಮೊದಲೇ ಒಂದು ಫೋನ್ ಮಾಡಿ. ಒಂದು ಪ್ಯಾಕೆಟ್ ಪ್ಯಾಡ್ ಫಸ್ಟ್ ಏಡ್ ಬಾಕ್ಸಿನಲ್ಲಿರಲಿ. ಇಷ್ಟೇ. ಎನ್ನೆಸ್ಸೆಸ್ ಕ್ಯಾಂಪಿಗೆ ಇದೇ ಹುಡುಗೀರನ್ನು ಏಳು ದಿನ ಹಳ್ಳಿಗೆ ಕಳಿಸುತ್ತೀರಿ, ಚರಂಡಿ ಕ್ಲೀನ್ ಮಾಡಿಸುತ್ತೀರಿ, ಫೋಟೋ ತೆಗೆದು ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಕಮಿಟಿಗೆ ತೋರಿಸುತ್ತೀರಿ. ಜೋಗ ನೋಡೋಕೂ ಕರೆದುಕೊಂಡು ಹೋಗುತ್ತೀರಿ. ಸಿಲಬಸ್ಸಿನಲ್ಲೇ ಇರುವ ಫೀಲ್ಡಿಗೆ ಮಾತ್ರ ಯಾಕೆ ಸಹಿ ಬೀಳಲ್ಲ? ನನಗನ್ನಿಸುವುದು, ಅದನ್ನು ನೀವು ಟೂರ್ ಅಂದುಕೊಂಡಿದ್ದೀರಿ. ನಿಮ್ಮ ಕಡತದಲ್ಲೂ ಅದರ ಹೆಸರು ಟೂರ್ ಅಂತಲೇ ಇದೆ. ಕೆಮಿಸ್ಟ್ರಿಯವರಿಗೆ ಲ್ಯಾಬ್ ಹೇಗೋ ನಮಗೆ ಅದು ಹಾಗೆ. ಹುಡುಗೀರು ಹೊರಗೆ ನಿಲ್ಲಿ, ಹುಡುಗರು ಟೈಟ್ರೇಶನ್ ಮಾಡಿ ಬಂದು ನಿಮಗೆ ರೀಡಿಂಗ್ ಕೊಡ್ತಾರೆ ಅಂತ ಯಾವ ಕೆಮಿಸ್ಟ್ರಿ ಮೇಷ್ಟ್ರು ಹೇಳುತ್ತಾರೆ?

ಹೊರಗೆ ಕೂರಿಸುವುದಕ್ಕೆ ಇನ್ನೂ ಹಳೇ ಮೇಲ್ಪಂಕ್ತಿ ಒಂದಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಫ್ಲಾರೆನ್ಸ್ ಬಾಸ್ಕಮ್ ಭೂವಿಜ್ಞಾನ ಓದುವಾಗ ಅವರನ್ನು ಕ್ಲಾಸಿನಲ್ಲಿ ಪರದೆ ಹಿಂದೆ ಕೂರಿಸುತ್ತಿದ್ದರಂತೆ, ಗಂಡು ಹುಡುಗರ ಗಮನ ಹಾಳಾಗಬಾರದು ಅಂತ. 1893ರಲ್ಲಿ ಅಲ್ಲೇ ಪಿಎಚ್.ಡಿ ತೆಗೆದುಕೊಂಡರು. ಅದಾಗಿ ಎರಡು ವರ್ಷದ ಮೇಲೆ ಬ್ರಿನ್ ಮಾರ್ ಅನ್ನುವ ಹೆಣ್ಣುಮಕ್ಕಳ ಕಾಲೇಜಿಗೆ ಹೋಗಿ, ಒಂದು ಸ್ಟೋರ್ ರೂಮಿನಂಥ ಜಾಗದಿಂದ ಜಿಯಾಲಜಿ ವಿಭಾಗವನ್ನೇ ಕಟ್ಟಿದರು. 1896ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇ ಇಲಾಖೆ ಸೇರಿದ ಮೊದಲ ಹೆಂಗಸೂ ಅವರೇ. ಅವರ ಶಿಷ್ಯೆಯರು ಮುಂದೆ ಅದೇ ಇಲಾಖೆಯಲ್ಲಿ ಬಂಡೆ ಮ್ಯಾಪ್ ಮಾಡಿದರು. ಪರದೆ ಹಿಂದೆ ಕೂತರೂ ಪಾಠವಾದರೂ ಕಿವಿಗೆ ಬೀಳುತ್ತಿತ್ತು. ಫೀಲ್ಡಿಗೆ ಹೋಗದವಳ ಕಿವಿಗೆ ಏನು ಬೀಳಬೇಕು?

ಈಗ ಕೆಲಸದ ಮಾತು. 1952ರ ಗಣಿ ಕಾಯ್ದೆ ಹೆಂಗಸರನ್ನು ನೆಲದಡಿಯ ಗಣಿಗೆ ಇಳಿಯಲು ಬಿಡುತ್ತಿರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಸಡಿಲ ಮಾಡಿತು. ತಾಂತ್ರಿಕ, ಮೇಲ್ವಿಚಾರಣೆ, ಆಡಳಿತದ ಕೆಲಸಕ್ಕೆ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಇಳಿಯಬಹುದು ಅಂದಿತು. ರಾಯಚೂರಿನ ಹಟ್ಟಿಯಲ್ಲಿ ನಮ್ಮದೇ ಚಿನ್ನದ ಗಣಿ ಇದೆ, ನೆಲದಡಿಯದ್ದು. ಅಂದರೆ ಗಣಿ ಒಳಗೆ ಇಳಿಯೋಕೆ ದೆಹಲಿಯಿಂದ ಒಪ್ಪಿಗೆ ಬಂದಿದೆ, ಕಾಲೇಜ್ ಬಸ್ ಹತ್ತೋಕೆ ನಿಮ್ಮಿಂದ ಬರಬೇಕಾಗಿದೆ. ಇಂಟರ್‌ವ್ಯೂನಲ್ಲಿ ಕಂಪಾಸ್ ಕೈಗೆ ಕೊಟ್ಟು ಡಿಪ್ ಹಿಡಿ ಅಂದರೆ ಈ ಹುಡುಗಿ ಏನು ಮಾಡಬೇಕು ಹೇಳಿ. ನಾನು ಅಂಥದೊಂದು ಇಂಟರ್‌ವ್ಯೂಗೆ ಹೋಗಿದ್ದೆ. ಬ್ರಂಟನ್ ಕಂಪಾಸನ್ನು ತಲೆಕೆಳಗೆ ಹಿಡಿದಿದ್ದೆ. ಅವತ್ತಿನಿಂದ ಜಿಯಾಲಜಿ ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಓದಲು ಕೂತೆ. ಬ್ಯಾಂಕ್ ಕೆಲಸ ಸಿಕ್ಕಿತು, ಒಳ್ಳೇ ಕೆಲಸವೇ, ದೂರಿಲ್ಲ.

ನಿಮ್ಮಲ್ಲಿ ಬೆಂಗಳೂರಿನವರು, ಲಾಲ್‌ಬಾಗ್ ಬಂಡೆ ತೋರಿಸಿದರೆ ಸಾಕಲ್ಲ ಅನ್ನಬಹುದು. ತೋರಿಸಿ. ಸುಮಾರು 300 ಕೋಟಿ ವರ್ಷದ ಪೆನಿನ್ಸುಲಾರ್ ನೈಸ್ ಅನ್ನುವ ಬಂಡೆ ಅದು, ಅದರ ಮೇಲೆ ಕೂತು ಕಡಲೆಕಾಯಿ ತಿನ್ನುವವರಲ್ಲಿ ನೂರಕ್ಕೆ ಒಬ್ಬರೂ ಬೋರ್ಡ್ ಓದಿರಲ್ಲ. ಆದರೆ ಅದು ಒಂದು ಮಧ್ಯಾಹ್ನದ ಕೆಲಸ. ಮ್ಯಾಪ್ ಮಾಡೋದು ಬೇರೆ.

ಮೂರು ವರ್ಷದ ಕೆಳಗೆ ದುರ್ಗಕ್ಕೆ ಒಂದು ಮದುವೆಗೆ ಹೋದವಳು, ಊಟ ಆದಮೇಲೆ ಮಗಳನ್ನು ಕರೆದುಕೊಂಡು ಆಟೋ ಮಾಡಿಸಿ ಮರಡಿಹಳ್ಳಿಗೆ ಹೋದೆ. ಹಳೇ ರೆಕಾರ್ಡ್ ಬುಕ್ಕನ್ನು ಬ್ಯಾಗಿಗೆ ಹಾಕಿಕೊಂಡೇ ಮನೆ ಬಿಟ್ಟಿದ್ದೆ, ಮದುವೆ ಒಂದು ನೆಪ. ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಬಂಡೆ ಮುಂದೆ ನಿಂತೆ. ಹಸಿರು ಕಲೆತ ಬೂದು ಬಣ್ಣ. ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಉರುಟು ಉರುಟು ಕಲ್ಲು, ಒಂದೊಂದಕ್ಕೂ ಸುತ್ತ ತೆಳ್ಳನೆ ಅಂಚು. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನೊಳಗೆ ಲಾವಾ ಉಕ್ಕಿ, ತಣ್ಣೀರು ತಾಗಿ, ಹೊರಗೆ ಸಿಪ್ಪೆ ಕಟ್ಟಿ ಉಬ್ಬಿದ್ದು. ಪಿಲ್ಲೋ ಲಾವಾ. ಚಿತ್ರದುರ್ಗದಲ್ಲಿ ಒಂದು ಕಾಲಕ್ಕೆ ಸಮುದ್ರ ಇತ್ತು ಅನ್ನುವುದಕ್ಕೆ ಸಾಕ್ಷಿ.

ದಿಂಬಿನ ಮೇಲ್ಭಾಗ ಯಾವಾಗಲೂ ಗುಂಡಗೆ ಉಬ್ಬಿರುತ್ತದೆ. ಇನ್ನೂ ಮೆತ್ತಗಿರುವಾಗ ಕೆಳಗಿನ ಎರಡು ದಿಂಬುಗಳ ನಡುವಿನ ಸಂದಿಗೆ ಜೋತುಬಿದ್ದು, ಕೆಳಭಾಗದಲ್ಲಿ ಚೂಪಾದ ಬಾಲ ಬಂದಿರುತ್ತದೆ. ಆ ಬಾಲ ಯಾವ ಕಡೆಗಿದೆಯೋ ಅದು ಹುಟ್ಟಿದಾಗಿನ ಕೆಳಗು. ಪದರ ಆಮೇಲೆ ಎಷ್ಟೇ ಓರೆಯಾಗಲಿ, ತಲೆಕೆಳಗಾಗಲಿ, ಬಾಲ ನೋಡಿದರೆ ಗೊತ್ತಾಗುತ್ತದೆ. ಮ್ಯಾಪಿನಲ್ಲಿ ಇದಕ್ಕೊಂದು ಬಾಣ ಹಾಕಬೇಕು, ಯಾವ ಕಡೆ ಹೋದರೆ ಪದರ ಎಳೆಯದಾಗುತ್ತದೆ ಅಂತ.

ಮಗಳು ಛತ್ರಿ ಹಿಡಿದಿದ್ದಳು. ನಾನು ಬಾಲ ಹುಡುಕಿದೆ. ಒಂದು ಸಿಕ್ಕಿತು. ಇನ್ನೊಂದು. ಮೂರನೆಯದು. ಬ್ಯಾಗಿನಿಂದ ರೆಕಾರ್ಡ್ ಬುಕ್ ತೆಗೆದು ನನ್ನ ಮ್ಯಾಪ್ ಬಿಡಿಸಿ, ದಿಕ್ಕು ಹೊಂದಿಸಿ ನೋಡಿದೆ.

ಬಾಣ ಉಲ್ಟಾ ಇತ್ತು.

ಬರೆದುಕೊಟ್ಟ ಹುಡುಗ ತಪ್ಪಿದನೋ, ಇಳಿಸಿಕೊಂಡ ನಾನು ತಪ್ಪಿದೆನೋ ದೇವರಿಗೇ ಗೊತ್ತು. ತಿದ್ದಿದವರು ಅದರ ಮೇಲೆ ಕೆಂಪು ಶಾಯಿಯಲ್ಲಿ ಟಿಕ್ ಹಾಕಿದ್ದರು. "ಏನಮ್ಮ, ನಗ್ತಿದೀಯಾ ಅಳ್ತಿದೀಯಾ?" ಅಂತ ಮಗಳು ಕೇಳಿದಳು.

ಪಕ್ಕದ ಮನೆ ಹುಡುಗಿಯ ಕಾಲೇಜಿನ ಬಸ್ ಡಿಸೆಂಬರ್ ಎರಡನೇ ವಾರ ಹೊರಡುತ್ತದಂತೆ. ಆ ಕ್ಲಾಸಿನಲ್ಲಿ ಹುಡುಗೀರು ಒಂಬತ್ತು ಜನ, ಎಲ್ಲರ ಅಪ್ಪ ಅಮ್ಮನೂ ಒಪ್ಪಿಗೆ ಬರೆದುಕೊಟ್ಟಿದ್ದಾರೆ. ಲೇಡಿ ಸ್ಟಾಫ್ ಇಲ್ಲ ಅನ್ನುವುದೊಂದೇ ತೊಡಕಾದರೆ, ನಾನು ಬ್ಯಾಂಕಿಗೆ ಐದು ದಿನ ರಜೆ ಹಾಕಿ ಬರುತ್ತೇನೆ. ಊಟದ ಖರ್ಚು ನನ್ನದೇ. ಹಾಸಿಗೆ ಹೊದಿಕೆ ನಾನೇ ತರುತ್ತೇನೆ. ಬೇರೆ ಊರಿನ ಕಾಲೇಜುಗಳಲ್ಲೂ ನನ್ನಂಥವರು ಇದ್ದೇ ಇರುತ್ತಾರೆ, ಹಳೇ ವಿದ್ಯಾರ್ಥಿನಿಯರ ರಿಜಿಸ್ಟರ್ ತೆಗೆದು ನೋಡಿ, ಒಂದು ಫೋನ್ ಮಾಡಿ.

ನನಗೆ ಕಿಟಕಿ ಪಕ್ಕದ ಸೀಟು ಕೊಟ್ಟರೆ ಸಾಕು. ರಬ್ಬರ್, ಪೆನ್ಸಿಲ್ ಜೊತೆಗಿರುತ್ತದೆ. ಆ ಬಾಣ ತಿದ್ದುವುದಿದೆ.

ಇಂತಿ,
ನಿಮ್ಮ ಹಳೇ ವಿದ್ಯಾರ್ಥಿನಿ